ಮಲೆನಾಡಿನ ಬೇಸಿಗೆ ಶಿಬಿರ: ಹಾಳೆ ದೋಣಿ, ಮುರುಗಲು ನೀರು, ಮಾಯವಾಗುವ ನೆರಳು

ಒಂದರಿಂದ ಐದನೇ ತರಗತಿಯ ಮಕ್ಕಳ ಶಿಬಿರದಲ್ಲಿ ಪ್ರಯೋಗ ಕೈಕೊಟ್ಟರೆ ತಪ್ಪು ಬಹುಪಾಲು ಮಕ್ಕಳದ್ದಲ್ಲ, ಹಿಂದಿನ ದಿನ ಮಾಡಿ ನೋಡದೇ ಬಂದ ದೊಡ್ಡವರದ್ದು. ಪುಸ್ತಕದಲ್ಲಿ ಅಳತೆ ಬರೆದಿರುತ್ತಾರೆ. ಆ ಊರಿನ ನೀರು, ಅಲ್ಲಿನ ಅಂಗಡಿಯ ಸೋಪು, ಪಕ್ಕದ ತೋಟದ ಅಡಿಕೆ ಹಾಳೆ ಹೇಗಿದೆ ಅಂತ ಬರೆದಿರುವುದಿಲ್ಲ. ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆ ಇನ್ನೊಂದು ಲೆಕ್ಕವೂ ಸೇರುತ್ತದೆ: ಏಪ್ರಿಲ್ ಕಳೆಯುತ್ತಿದ್ದ ಹಾಗೆ ಮಧ್ಯಾಹ್ನದ ಮೇಲೆ ಗುಡುಗು ಮಳೆ ಹೇಳದೇ ಕೇಳದೇ ಬರುತ್ತದೆ. ಬಿಸಿಲು ಬೇಕಾದದ್ದು, ಒಣಗಬೇಕಾದದ್ದು ಬೆಳಿಗ್ಗೆಯೇ ಆಗಲಿ. ನೀರಿನದ್ದು, ಕತ್ತರಿಯದ್ದು ಊಟದ ಮೇಲೆ ಜಗಲಿಯಲ್ಲಿ.

ಅಡಿಕೆ ಹಾಳೆ ಬಿಟ್ಟಿ ಸಿಗುತ್ತದೆ ಅಂತ ಎಲ್ಲರೂ ಮೊದಲು ಅದಕ್ಕೇ ಕೈ ಹಾಕುತ್ತಾರೆ. ಒಣ ಹಾಳೆಗೆ ಕತ್ತರಿ ತಾಗಿಸಿದರೆ ನಾರಿನುದ್ದಕ್ಕೂ ಸೀಳಿಕೊಂಡು ಹೋಗುತ್ತದೆ. ಅರ್ಧ ಗಂಟೆ ನೀರಿನಲ್ಲಿ ಮುಳುಗಿಸಿ, ಮೇಲೊಂದು ಕಲ್ಲು ಹೇರಿ; ಕಲ್ಲಿಲ್ಲದಿದ್ದರೆ ತೇಲಿ, ಒಂದು ಮಗ್ಗುಲು ಒಣಗಿದ್ದು ಒಣಗಿದ್ದೇ. ನೆನೆಹಾಕುವ ಮುಂಚೆ ಕೊಡವಬೇಕು, ಮಡಿಕೆಯೊಳಗೆ ಇರುವೆ ಇರುತ್ತದೆ, ಅಪರೂಪಕ್ಕೆ ಚೇಳೂ. ಬುಡದ ದಪ್ಪ ಭಾಗ ಮಕ್ಕಳ ಕತ್ತರಿಗೆ ಬಗ್ಗುವುದಿಲ್ಲ. ದೊಡ್ಡವರೇ ಅದನ್ನು ಕತ್ತಿಯಲ್ಲಿ ತೆಗೆದು, ನಾರು ಉದ್ದಕ್ಕೆ ಬರುವ ಹಾಗೆ 20 ಸೆಂ.ಮೀ. ಉದ್ದ, 12 ಸೆಂ.ಮೀ. ಅಗಲದ ತುಂಡುಗಳನ್ನು ಮಾಡಿಟ್ಟಿರಬೇಕು. ಎರಡೂ ತುದಿಯನ್ನು ನೆರಿಗೆ ಹಿಡಿದು ಮೇಲೆತ್ತಿ ತೆಂಗಿನ ಹಿಡಿಕಡ್ಡಿ ಚುಚ್ಚಿದರೆ ದೋಣಿ ಆಯಿತು. ಚುಚ್ಚುವುದು ಹಾಳೆ ಒದ್ದೆ ಇರುವಾಗಲೇ. ಒಂದೇ ನಾರಿನ ಸಾಲಿನಲ್ಲಿ ಹತ್ತಿರ ಹತ್ತಿರ ಎರಡು ತೂತು ಬಿದ್ದರೆ ನಡುವೆ ಸೀಳು ಬಿಡುತ್ತದೆ.

ದೋಣಿ ಎಷ್ಟು ಭಾರ ಹೊರುತ್ತದೆ ಅಂತ ನೋಡಲು ಒಂದು ರೂಪಾಯಿ ನಾಣ್ಯ ಕೊಡಬೇಡಿ. ಹಳೆಯ ನಾಣ್ಯಕ್ಕೂ ಹೊಸದಕ್ಕೂ ತೂಕ ಬೇರೆ, ಲೆಕ್ಕ ತಾಳೆಯಾಗದೆ ಜಗಳ ಆಗುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದೇ ಅಳತೆಯ ವಾಷರ್ ತನ್ನಿ. ಎಷ್ಟು ವಾಷರ್‌ಗೆ ಮುಳುಗುತ್ತದೆ ಅಂತ ಮೊದಲೇ ಬರೆಸಿ, ಆಮೇಲೆ ಹಾಕಿಸಿ. ಎಲ್ಲವನ್ನೂ ಒಂದು ಮೂಲೆಗೆ ಸುರಿದವರ ದೋಣಿ ಬೇಗ ಮಗುಚುತ್ತದೆ, ಹರಡಿ ಇಟ್ಟವರದ್ದು ಉಳಿಯುತ್ತದೆ. ಅದೇ ಅಳತೆಯ ಹಾಳೆಯಲ್ಲಿ ಅಗಲ ತಳದ್ದೊಂದು, ಕಿರಿದು ತಳದ್ದೊಂದು ಮಾಡಿಸಿದರೆ ನಾಲ್ಕನೇ ತರಗತಿಯವರೇ ಕಾರಣ ಹೇಳಲು ಶುರು ಮಾಡುತ್ತಾರೆ. ಉಳಿದ ಒದ್ದೆ ಹಾಳೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿಟ್ಟರೆ ಬೂಷ್ಟು ಹಿಡಿಯುತ್ತದೆ. ಗಾಳಿಯಾಡುವ ಕಡೆ ಹರವಿ.

ಇನ್ನು ಬಣ್ಣ ಬದಲಾಗುವ ನೀರು. ಶಿಬಿರ ಅಂದರೆ ಸೋಡಾ ಜ್ವಾಲಾಮುಖಿ ಆಗಲೇಬೇಕು ಅನ್ನುವವರಿದ್ದಾರೆ. ನೊರೆ ಉಕ್ಕಿತು, ಚಪ್ಪಾಳೆ ತಟ್ಟಿದರು, ಮುಗಿಯಿತು. ಅದರಲ್ಲಿ ಮಗು ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ. ಅದೇ ಅಡುಗೆ ಸೋಡಾವನ್ನು ಮುರುಗಲು (ಪುನರ್ಪುಳಿ, ಕೋಕಂ) ನೀರಿಗೆ ಹಾಕಿಸಿ ನೋಡಿ. ಒಣ ಮುರುಗಲು ಸಿಪ್ಪೆ ನಾಲ್ಕೈದು, ಉಗುರುಬೆಚ್ಚಗಿನ ನೀರು ಕಾಲು ಲೀಟರ್, ಅರ್ಧ ಗಂಟೆ ನೆನೆಯಲಿ. ಸೋಸಿ, ಒಂದು ಪಾಲಿಗೆ ನಾಲ್ಕು ಪಾಲು ನೀರು ಬೆರೆಸಿ. ತೆಳು ಮಾಡದಿದ್ದರೆ ಕಪ್ಪುಗೆಂಪಾಗೇ ಇದ್ದು ಬದಲಾವಣೆ ಕಾಣುವುದಿಲ್ಲ. ಸ್ಟೀಲ್ ಲೋಟ ಬೇಡ, ಬಿಳಿ ಬಣ್ಣದ ಕಪ್ ಅಥವಾ ಗಾಜಿನಂಥ ಪ್ಲಾಸ್ಟಿಕ್ ಲೋಟ ಇರಲಿ.

ಇಲ್ಲಿ ಸೋಲುವುದು ತಾಳ್ಮೆ. ಮುರುಗಲು ತಾನೇ ಹುಳಿ. ಹಾಕಿದ ಮೊದಲ ಚಿಟಿಕೆ ಸೋಡಾ ಆ ಹುಳಿಯನ್ನು ತಿಂದು ಬುರುಬುರು ಅನ್ನುತ್ತದೆ, ಬಣ್ಣ ಕದಲುವುದಿಲ್ಲ. ಆಗಲೇ ‘ಆಗಲಿಲ್ಲ’ ಅಂತ ಚೆಲ್ಲುತ್ತಾರೆ. ಚಿಟಿಕೆ ಚಿಟಿಕೆಯಾಗಿ ಹಾಕಿ ಕಲಕುತ್ತಾ ಹೋದರೆ, ಬುರುಬುರು ನಿಲ್ಲುವ ಹೊತ್ತಿಗೆ ಕೆಂಪು ಮಾಸಿ ನೇರಳೆಯಾಗಿ, ಮಬ್ಬು ನೀಲಿಯ ಕಡೆ ವಾಲುತ್ತದೆ. ಎಷ್ಟು ಚಿಟಿಕೆ ಬೇಕಾಯಿತು ಅಂತ ಎಣಿಸಿ ಬರೆಯುವುದೇ ಮಕ್ಕಳ ಕೆಲಸ. ತಕ್ಷಣ ನಿಂಬೆರಸ ಹಿಂಡಿದರೆ ಕೆಂಪು ಮರಳುತ್ತದೆ. ಸೋಡಾ ಹಾಕಿದ ನೀರನ್ನು ಬಹಳ ಹೊತ್ತು ಬಿಟ್ಟರೆ ಬಣ್ಣದ ಅಂಶವೇ ಕೆಟ್ಟು ಕಂದಾಗುತ್ತದೆ, ಆಮೇಲೆ ನಿಂಬೆ ಹಿಂಡಿಯೂ ಪ್ರಯೋಜನ ಇಲ್ಲ. ಹೋದ ವರ್ಷದ ಹಳೇ ಸಿಪ್ಪೆಯೂ ಹೀಗೇ ಮಂಕು. ಹೊಸದನ್ನು ಕೇಳಿ ತನ್ನಿ. ಮಿಕ್ಕಿದ ನೀರನ್ನು ಪಾನಕ ಅಂದುಕೊಂಡು ಕುಡಿಯುವ ಮಕ್ಕಳು ಇದ್ದೇ ಇರುತ್ತಾರೆ, ಕುಡಿಯುವ ಪಾನಕವನ್ನು ಬೇರೆಯೇ ಮಾಡಿಸಿಡಿ.

ಅರಿಶಿನದ ಹಾಳೆ ಇದರ ಜೊತೆಗೆ ಹೋಗುತ್ತದೆ. ಒಂದು ಚಮಚ ಅರಿಶಿನ ಪುಡಿ, ಮೂರು ದೊಡ್ಡ ಚಮಚ ನೀರು, ಡ್ರಾಯಿಂಗ್ ಹಾಳೆಗೆ ಬಳಿದು ನೆರಳಲ್ಲಿ ಒಣಗಿಸಿ. ಬಿಸಿಲಿಗೆ ಹಳದಿ ಹಾರಿಹೋಗುತ್ತದೆ. ಬಟ್ಟೆ ಸೋಪು ಕರಗಿಸಿದ ನೀರಲ್ಲಿ ಬ್ರಷ್ ಅದ್ದಿ ಹೆಸರು ಬರೆದರೆ ಕೆಂಪಕ್ಷರ ಮೂಡುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ಹಲವು ಬಾರಿ ಕೈಕೊಡುತ್ತದೆ, ಏಕೆಂದರೆ ಅವುಗಳಲ್ಲಿ ಬಹಳಷ್ಟಕ್ಕೆ ಕ್ಷಾರ ಕಡಿಮೆ. ನಿಂಬೆರಸವನ್ನು ಬರೀ ಹಳದಿ ಮೇಲೆ ಹಾಕಿದರೆ ಏನೂ ಆಗುವುದಿಲ್ಲ, ಕೆಂಪಾದ ಅಕ್ಷರದ ಮೇಲೆ ಹಾಕಿದರೆ ಅಕ್ಷರ ಅಳಿಯುತ್ತದೆ. ಈ ಎರಡನ್ನೂ ಮಾಡಿಸಿ. ಎಲೆಯಡಿಕೆಯ ಸುಣ್ಣದಲ್ಲಿ ಕೆಂಪು ಇನ್ನೂ ಗಾಢವಾಗಿ ಬರುತ್ತದೆ ನಿಜ, ಆದರೆ ಸುಣ್ಣ ಕಣ್ಣಿಗೆ ಬಿದ್ದರೆ ಅಪಾಯ. ಮಕ್ಕಳ ಕೈಗೆ ಅದು ಬೇಡವೇ ಬೇಡ.

ಸೋಪಿನ ಗುಳ್ಳೆಗೆ ಪಪ್ಪಾಯಿ ಎಲೆಯ ಟೊಳ್ಳು ತೊಟ್ಟೇ ಸಾಕು. ಹಾಲು ಸೋರುತ್ತದೆ, ಹಿಂದಿನ ಸಂಜೆಯೇ ಕೊಯ್ದು ತೊಳೆದಿಡಿ. ಬೋರ್‌ವೆಲ್ ನೀರು ಗಡುಸಾಗಿದ್ದರೆ ಗುಳ್ಳೆ ನಿಲ್ಲುವುದಿಲ್ಲ, ಬಾವಿ ನೀರೋ ಮಳೆ ನೀರೋ ನೋಡಿ.

ಖರ್ಚೇ ಇಲ್ಲದ, ಆದರೆ ಅತಿ ಹೆಚ್ಚು ತಪ್ಪಾಗುವ ಪ್ರಯೋಗ ನೆರಳಿನದು. ಶಿವಮೊಗ್ಗದಲ್ಲಿ ಏಪ್ರಿಲ್ 27-28ರ ಸುಮಾರಿಗೆ ಸೂರ್ಯ ನೆತ್ತಿಯ ಮೇಲೇ ಹಾಯುತ್ತಾನೆ. ನೆಟ್ಟಗೆ ನಿಂತ ಕೋಲಿಗೆ ಒಂದು ಗಳಿಗೆ ನೆರಳೇ ಇರುವುದಿಲ್ಲ. ಹೇಗೂ ರಜೆಯ ದಿನಗಳು. ಬಹಳ ಕಡೆ ಗಡಿಯಾರದಲ್ಲಿ 12 ಹೊಡೆದಾಗ ನೋಡಿ, ನೆರಳು ಇದೆಯಲ್ಲ ಅಂತ ಎದ್ದು ಹೋಗುತ್ತಾರೆ. ನಮ್ಮ ಗಡಿಯಾರದ ಸಮಯ ಶಿವಮೊಗ್ಗದಿಂದ ಸಾಕಷ್ಟು ಪೂರ್ವಕ್ಕಿರುವ ರೇಖಾಂಶದ್ದು. ಇಲ್ಲಿಯ ನಿಜವಾದ ನಡುಹಗಲು ಆ ದಿನಗಳಲ್ಲಿ 12:25ರ ಆಸುಪಾಸು. 12 ಗಂಟೆಗೆ 30 ಸೆಂ.ಮೀ. ಕೋಲಿಗೆ ಇನ್ನೂ ಸುಮಾರು 3 ಸೆಂ.ಮೀ. ನೆರಳು ಇರುತ್ತದೆ. ಹನ್ನೆರಡಕ್ಕೇ ಊಟಕ್ಕೆ ಬಿಡುವ ಶಿಬಿರ ಅಂದು ಮುಕ್ಕಾಲು ಗಂಟೆ ಮುಂದಕ್ಕೆ ಹಾಕಲಿ.

ಕೋಲಿನ ಬದಲು ತುದಿ ನೇರ ಕೊಯ್ದ 30 ಸೆಂ.ಮೀ. ಪಿವಿಸಿ ಪೈಪ್ ತುಂಡು ಒಳ್ಳೆಯದು. ಬೋರಲು ಹಾಕಿದ ಸ್ಟೀಲ್ ಲೋಟ ಮೋಸ ಮಾಡುತ್ತದೆ: ಕೆಳಗೆ ಅಗಲ, ಮೇಲೆ ಕಿರಿದು, ಹಾಗಾಗಿ ಸೂರ್ಯ ಸ್ವಲ್ಪ ಓರೆಯಿದ್ದರೂ ನೆರಳು ಕಾಣುವುದಿಲ್ಲ. ಅಂಗಳ ಇಳಿಜಾರಾಗಿದ್ದರೆ ಪೈಪೂ ವಾಲುತ್ತದೆ, ದಾರಕ್ಕೆ ನಟ್ಟು ಕಟ್ಟಿ ಪಕ್ಕದಲ್ಲಿ ಇಳಿಬಿಟ್ಟು ನೆಟ್ಟಗಿದೆಯೇ ನೋಡಿಸಿ. ಅಡಿಯಲ್ಲಿ ಡ್ರಾಯಿಂಗ್ ಹಾಳೆ ಅಂಟಿಸಿ 12:10ರಿಂದ 12:40ರವರೆಗೆ ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಗುರುತು ಹಾಕಿಸಿ. ಗುರುತು ಹಾಕುವ ಇಬ್ಬರು ಬಿಟ್ಟು ಉಳಿದವರು ನೆರಳಲ್ಲಿರಲಿ, ಸೂರ್ಯನನ್ನು ಯಾರೂ ನೇರ ನೋಡುವ ಹಾಗಿಲ್ಲ. ಆ ದಿನ ಮೋಡ ಕವಿದರೆ ಕೈಚೆಲ್ಲಬೇಕಿಲ್ಲ. ಏಪ್ರಿಲ್ ಮಧ್ಯದಲ್ಲಿ ನಡುಹಗಲ ನೆರಳು ಉತ್ತರಕ್ಕೆ ಬೀಳುತ್ತದೆ, ಮೇ ಮಧ್ಯದ ಹೊತ್ತಿಗೆ ದಕ್ಷಿಣಕ್ಕೆ, ಅದೂ ಎರಡೂವರೆ ಸೆಂ.ಮೀ. ಎರಡು ದಿನದ ಹಾಳೆ ಪಕ್ಕ ಪಕ್ಕ ಇಟ್ಟರೆ ನೆರಳು ದಿಕ್ಕು ತಿರುಗಿದ್ದು ಗೊತ್ತಾಗುತ್ತದೆ.

ಮಧ್ಯಾಹ್ನದ ಮಳೆ ಹೇಗೂ ಬರುತ್ತದಲ್ಲ, ಅದನ್ನೂ ಅಳೆಯಿರಿ. ನೇರ ಗೋಡೆಯ ಎರಡು ಲೀಟರ್ ಬಾಟಲಿಯ ಕುತ್ತಿಗೆ ಕೊಯ್ದು, ಅದನ್ನೇ ಆಲಿಕೆಯ ಹಾಗೆ ಬೋರಲು ಕೂರಿಸಿ. ತಳದ ಉಬ್ಬುತಗ್ಗಿಗೆ ಜಲ್ಲಿ ಹಾಕಿ, ಜಲ್ಲಿ ಪೂರ್ತಿ ಮುಳುಗುವಷ್ಟು ನೀರು ತುಂಬಿ, ಆ ನೀರಿನ ಮಟ್ಟಕ್ಕೆ ಸೊನ್ನೆ ಬರೆಯಿರಿ. ಜಲ್ಲಿ ನೀರಿನಿಂದ ಮೇಲೆ ಉಳಿದರೆ ಅಳತೆ ಹೆಚ್ಚು ತೋರಿಸುತ್ತದೆ. ಕಾಗದದ ಸ್ಕೇಲು ಒಂದೇ ಮಳೆಗೆ ಕೊಚ್ಚಿಹೋಗುತ್ತದೆ, ಪರ್ಮನೆಂಟ್ ಮಾರ್ಕರ್‌ನಲ್ಲಿ ಮಿ.ಮೀ. ಗೆರೆ ಎಳೆಯಿರಿ. ಮಾಡಿನಂಚು, ಮಾವಿನ ಮರ ಎರಡರಿಂದಲೂ ದೂರ, ಇಟ್ಟಿಗೆ ನಡುವೆ ಸಿಕ್ಕಿಸಿಡಿ. ಗುಡುಗುವಾಗ ಯಾರೂ ಅಂಗಳಕ್ಕಿಳಿಯಬಾರದು. ಹವಾಮಾನ ಇಲಾಖೆ ದಿನದ ಮಳೆಯನ್ನು ಬೆಳಿಗ್ಗೆ 8:30ಕ್ಕೆ ಓದುತ್ತದೆ, ಮಕ್ಕಳೂ ಅದೇ ಹೊತ್ತಿಗೆ ಓದಲಿ. 1 ಮಿ.ಮೀ. ಅಂದರೆ ಒಂದು ಚದರ ಮೀಟರ್ ಅಂಗಳಕ್ಕೆ ಒಂದು ಲೀಟರ್ ನೀರು. ಓದಿದ ಮೇಲೆ ನೀರನ್ನು ಮತ್ತೆ ಸೊನ್ನೆಗೆ ಇಳಿಸಿ, ವಾರಕ್ಕೊಮ್ಮೆ ಪೂರ್ತಿ ಚೆಲ್ಲಿ ಹೊಸ ನೀರು ತುಂಬಬೇಕು, ಇಲ್ಲದಿದ್ದರೆ ಅದರಲ್ಲೇ ಸೊಳ್ಳೆ ಮರಿ ಮಾಡುತ್ತದೆ.