ಕನ್ನಡದ ಸಾಲು ಇಕ್ಕಟ್ಟಾಗುವ ಅಗಲ

ಜಾಲಪುಟವೊಂದನ್ನು ರೂಪಿಸಲು ಕುಳಿತವರು ಮೊದಲಿಗೆ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಮೊಬೈಲಿಗೆ ಎಷ್ಟು ಪಿಕ್ಸೆಲ್, ಟ್ಯಾಬ್ಲೆಟ್ಟಿಗೆ ಎಷ್ಟು, ಕಂಪ್ಯೂಟರಿಗೆ ಎಷ್ಟು? ಉತ್ತರವೂ ಸಿದ್ಧವಾಗಿಯೇ ಇರುತ್ತದೆ. ಬೂಟ್‌ಸ್ಟ್ರ್ಯಾಪ್ ಎಂಬ ಸಿದ್ಧ ವಿನ್ಯಾಸ ಸಾಮಗ್ರಿಯನ್ನು ಬಳಸುವವರು, ಪುಟದ ವಿನ್ಯಾಸ ಬದಲಾಗುವ ಅಗಲಗಳಾಗಿ 576, 768, 992, 1200, 1400 ಎಂಬ ಅಂಕಿಗಳನ್ನು ಮಗ್ಗಿಯಂತೆ ಒಪ್ಪಿಸುತ್ತಾರೆ. ಇವುಗಳಲ್ಲಿ 768 ಎಂಬುದು 2010ರಲ್ಲಿ ಬಂದ ಮೊದಲ ಐಪ್ಯಾಡಿನ ಅಗಲ. ಆ ಸಾಧನ ಎಂದೋ ಮೂಲೆ ಸೇರಿತು. ಅದರ ಅಳತೆ ಮಾತ್ರ ಇಂದಿಗೂ ನಮ್ಮ ಪುಟಗಳ ಮೇಲೆ ಅಧಿಕಾರ ನಡೆಸುತ್ತಿದೆ. ಕನ್ನಡದ ಓದಿಗಾಗಿ ಪುಟ ಕಟ್ಟುವಾಗ ಈ ಅಂಕಿಗಳನ್ನು ಪಕ್ಕಕ್ಕಿಟ್ಟು, ನಮ್ಮ ಬರಹವು ಯಾವ ಅಗಲದಲ್ಲಿ ಇಕ್ಕಟ್ಟಾಗುತ್ತದೆ, ಯಾವ ಅಗಲದಲ್ಲಿ ಸಡಿಲವಾಗುತ್ತದೆ ಎಂಬುದನ್ನು ಕಣ್ಣಾರೆ ನೋಡಿ ವಿನ್ಯಾಸವನ್ನು ಬದಲಿಸುವ ಜಾಗಗಳನ್ನು ನಿರ್ಧರಿಸಬೇಕು ಎಂಬುದು ನನ್ನ ಅಭಿಪ್ರಾಯ.

ಈ ಆಲೋಚನೆಯ ಬೇರು ಹಳೆಯದು. ಜಾಲಪುಟಕ್ಕೆ ಮುದ್ರಿತ ಪುಟದಂತಹ ನಿಶ್ಚಿತ ಅಂಚುಗಳಿಲ್ಲ, ಆ ಅನಿಶ್ಚಿತತೆಯನ್ನು ದೋಷವೆಂದು ಕಾಣದೆ ಮಾಧ್ಯಮದ ಗುಣವೆಂದೇ ಒಪ್ಪಿಕೊಳ್ಳಬೇಕು ಎಂದು ಜಾಲವಿನ್ಯಾಸದ ಬಗ್ಗೆ ಬರೆಯುತ್ತಿದ್ದ ಜಾನ್ ಆಲ್ಸಾಪ್ 2000ದಲ್ಲಿಯೇ ವಾದಿಸಿದ್ದರು. ಆಗ ಅದು ಹೆಚ್ಚಿನವರಿಗೆ ತತ್ತ್ವದ ಮಾತಾಗಿ ಮಾತ್ರ ಕೇಳಿಸಿತು. 2007ರಲ್ಲಿ ಐಫೋನ್ ಬಂದಾಗ ಅದರ ಪರದೆಯ ಅಗಲ ಕೇವಲ 320 ಪಿಕ್ಸೆಲ್ ಆಗಿದ್ದರೂ, ಅದರ ಬ್ರೌಸರು ಪುಟವನ್ನು 980 ಪಿಕ್ಸೆಲ್ ಅಗಲದ ಕಂಪ್ಯೂಟರ್ ಪರದೆಯಲ್ಲಿದ್ದಂತೆ ಹಾಸಿ, ಬಳಿಕ ಕುಗ್ಗಿಸಿ ತೋರಿಸುತ್ತಿತ್ತು. ಈ ಸುಳ್ಳು ಅಗಲವನ್ನು ಬಿಟ್ಟು ನಿಜವಾದ ಅಗಲವನ್ನು ಬಳಸು ಎಂದು ಬ್ರೌಸರಿಗೆ ಹೇಳುವುದಕ್ಕಾಗಿಯೇ ವ್ಯೂಪೋರ್ಟ್ ಎಂಬ ಮೆಟಾ ಟ್ಯಾಗ್ ಹುಟ್ಟಿಕೊಂಡಿತು. ಇಂದಿಗೂ ಆ ಒಂದು ಸಾಲನ್ನು ಮರೆತ ಪುಟದಲ್ಲಿ ಉಳಿದೆಲ್ಲ ಶ್ರಮ ವ್ಯರ್ಥ. 2010ರ ಮೇ ತಿಂಗಳಲ್ಲಿ ವಿನ್ಯಾಸಕ ಈಥನ್ ಮಾರ್ಕಾಟ್ ಅವರು ಹಿಗ್ಗಿ ಕುಗ್ಗುವ ಗ್ರಿಡ್, ಹಿಗ್ಗಿ ಕುಗ್ಗುವ ಚಿತ್ರ ಮತ್ತು ಪರದೆಯ ಅಗಲ ನೋಡಿ ಬೇರೆ ನಿಯಮ ಅನ್ವಯಿಸುವ ಮೀಡಿಯಾ ಕ್ವೆರಿ ಎಂಬ ಮೂರನ್ನು ಒಟ್ಟುಗೂಡಿಸಿ, ಅದಕ್ಕೆ ರೆಸ್ಪಾನ್ಸಿವ್ ವೆಬ್ ಡಿಸೈನ್ ಎಂದು ಹೆಸರಿಟ್ಟ ಮೇಲೆ ಆಲ್ಸಾಪ್ ಅವರ ಮಾತಿಗೆ ಕೈಗೆಟುಕುವ ವಿಧಾನವೊಂದು ದೊರೆಯಿತು.

ಇಲ್ಲಿ ಪಿಕ್ಸೆಲ್ ಎಂದರೆ ಪರದೆಯಲ್ಲಿರುವ ಭೌತಿಕ ಚುಕ್ಕೆಯಲ್ಲ ಎಂಬುದನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. 1080 ಚುಕ್ಕೆಗಳ ಅಗಲವಿರುವ ಆಂಡ್ರಾಯ್ಡ್ ಫೋನು, ಮೂರು ಚುಕ್ಕೆಗಳನ್ನು ಒಂದೆಂದು ಎಣಿಸಿಕೊಂಡು, ಪುಟದ ರೂಪವನ್ನು ನಿರ್ಧರಿಸುವ ಸಿಎಸ್‌ಎಸ್ ಭಾಷೆಗೆ ತನ್ನ ಅಗಲ 360 ಎಂದು ವರದಿ ಮಾಡುತ್ತದೆ. ಎರಡೂ ಬದಿಗೆ 16ರಂತೆ ಅಂಚು ಬಿಟ್ಟರೆ ಬರಹಕ್ಕೆ ಉಳಿಯುವುದು 328. ನಾನು ಯಾವ ಪುಟವನ್ನಾದರೂ ಕಟ್ಟಲು ಆರಂಭಿಸುವುದು ಈ 328ರಿಂದ.

ಈ ಅಗಲದಲ್ಲಿ ಕನ್ನಡ ಹೇಗೆ ವರ್ತಿಸುತ್ತದೆ? ಇಂಗ್ಲಿಷ್ ಮುದ್ರಣದಲ್ಲಿ ಸಾಲೊಂದಕ್ಕೆ 45ರಿಂದ 75 ಅಕ್ಷರಗಳಿದ್ದರೆ ಓದು ಸುಗಮ ಎಂಬ ರೂಢಿಯಿದೆ, ಅದನ್ನು ಅನುಸರಿಸಿ ಅನೇಕರು ಲೇಖನದ ಅಂಕಣಕ್ಕೆ 65 ಸಿಎಚ್ ಎಂದು ಗರಿಷ್ಠ ಅಗಲ ಕೊಡುತ್ತಾರೆ. ಸಿಎಚ್ ಎಂಬ ಅಳತೆ ಆ ಫಾಂಟಿನ ಸೊನ್ನೆ (0) ಅಂಕಿಯ ಅಗಲವನ್ನು ಆಧರಿಸಿದ್ದು. ಆದರೆ ಕನ್ನಡದ ಒಂದು ಅಕ್ಷರ ಸೊನ್ನೆಗಿಂತ ಸಾಕಷ್ಟು ಅಗಲವಾಗಿರುತ್ತದೆ. ದೀರ್ಘ ಮತ್ತು ಅರ್ಕಾವತ್ತು ಸೇರಿದರಂತೂ ಹೇಳಬೇಕಾಗಿಯೇ ಇಲ್ಲ. ಹೀಗಾಗಿ 65 ಸಿಎಚ್‌ನಲ್ಲಿ ಕನ್ನಡದ ಅಕ್ಷರಗಳು 65 ಕೂರುವುದಿಲ್ಲ. ನಾನು ಎಣಿಕೆಯನ್ನು ಕೈಬಿಟ್ಟು, ಸಾಲಿಗೆ ಆರರಿಂದ ಒಂಬತ್ತು ಪದಗಳು ಬರುವಂತೆ ಅಗಲವನ್ನು, ಅಕ್ಷರಗಾತ್ರವನ್ನೇ ಮಾನವಾಗಿಸಿಕೊಂಡ ಇಎಂ ಎಂಬ ಅಳತೆಯಲ್ಲಿ ಗೊತ್ತುಪಡಿಸುತ್ತೇನೆ. ಹೆಚ್ಚಿನ ಫಾಂಟುಗಳಲ್ಲಿ ಅದು 34ರಿಂದ 38 ಇಎಂ ಆಸುಪಾಸಿನಲ್ಲಿ ನಿಲ್ಲುತ್ತದೆ. ಫೋನಿನಲ್ಲಿ ಮೂರು ನಾಲ್ಕು ಪದಗಳಿಗೇ ಸಾಲು ತುಂಬುವುದರಿಂದ ಅಲ್ಲಿ ಎರಡೂ ಅಂಚುಗಳನ್ನು ಸಮಗೊಳಿಸುವ ಜಸ್ಟಿಫೈ ಜೋಡಣೆ ಸಲ್ಲದು. ಪದಗಳ ನಡುವೆ ಕಾಲುವೆಗಳಂತಹ ಬಿಳಿಯ ಜಾಗ ಬಿದ್ದು ಪುಟ ವಿಕಾರವಾಗುತ್ತದೆ.

ಎತ್ತರದ ವಿಷಯದಲ್ಲಿಯೂ ಹೀಗೆಯೇ. ಲ್ಯಾಟಿನ್ ಲಿಪಿಗೆ ಸಾಲಿನ ಎತ್ತರ ಅಕ್ಷರಗಾತ್ರದ 1.4 ಪಟ್ಟು ಇದ್ದರೆ ಸಾಕು. ಕನ್ನಡದಲ್ಲಿ ಮೇಲಿನ ಸಾಲಿನ ಒತ್ತಕ್ಷರ ಕೆಳಗಿಳಿದು, ಕೆಳಗಿನ ಸಾಲಿನ ಗುಡಿಸು ಮೇಲೇರಿ, ಎರಡೂ ಹತ್ತಿರ ಬರುತ್ತವೆ. 'ರಾಷ್ಟ್ರ', 'ಸ್ತ್ರೀ' ಮುಂತಾದ ಪದಗಳಲ್ಲಿ ಒಂದು ಒತ್ತಿನ ಜೊತೆಗೆ ಇನ್ನೊಂದು ಒತ್ತು ಇರುತ್ತದೆ. 1.6ಕ್ಕಿಂತ ಕಡಿಮೆ ಇಡಲು ನಾನು ಒಪ್ಪುವುದಿಲ್ಲ, ದೀರ್ಘ ಬರಹಕ್ಕೆ 1.75 ಇಡುತ್ತೇನೆ. ಬಟನ್ನುಗಳಿಗೂ ಮೆನುವಿಗೂ ಪಿಕ್ಸೆಲ್‌ನಲ್ಲಿ ನಿಶ್ಚಿತ ಎತ್ತರ ಕೊಟ್ಟು, ಮಿಕ್ಕಿದ್ದನ್ನು ಮರೆಮಾಡು ಎಂದು ಬರೆದಿರುವ ಸಿದ್ಧ ಥೀಮುಗಳಲ್ಲಿ ಒತ್ತಕ್ಷರಗಳ ಕಾಲು ಕತ್ತರಿಸಿಹೋಗಿರುವುದನ್ನು ಯಾರಾದರೂ ನೋಡಬಹುದು. ನಿಶ್ಚಿತ ಎತ್ತರದ ಬದಲು ಒಳ ಅಂಚು ಮತ್ತು ಕನಿಷ್ಠ ಎತ್ತರ ಕೊಟ್ಟರೆ ಬಟನ್ನು ತನ್ನ ಬರಹಕ್ಕೆ ತಕ್ಕಂತೆ ಬೆಳೆಯುತ್ತದೆ.

ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುವುದು ಪದದ ಉದ್ದ. ಪ್ರತ್ಯಯಗಳೂ ಸಂಧಿಗಳೂ ಪದಕ್ಕೇ ಅಂಟಿಕೊಳ್ಳುವ ನಮ್ಮ ಭಾಷೆಯಲ್ಲಿ 'ಕಾರ್ಯನಿರ್ವಹಿಸುತ್ತಿರುವುದರಿಂದ' ಎಂಬುದು ಒಂದೇ ಪದ. ನಡುವೆ ಎಲ್ಲಿಯೂ ಬಿಡುವಿಲ್ಲ. ಶೀರ್ಷಿಕೆಯಲ್ಲಿ ಇಂಥದೊಂದು ಪದ 32 ಪಿಕ್ಸೆಲ್ ಗಾತ್ರದಲ್ಲಿ ಬಂದರೆ ಅದು 328ರ ಅಗಲವನ್ನೆಲ್ಲ ತಾನೇ ಆಕ್ರಮಿಸಿ, ಕೆಲವು ಫಾಂಟುಗಳಲ್ಲಿ ಅಂಚನ್ನೂ ದಾಟಿ, ಇಡೀ ಪುಟವೇ ಎಡಕ್ಕೂ ಬಲಕ್ಕೂ ಜಾರುವಂತೆ ಮಾಡುತ್ತದೆ. ಪುಟವನ್ನು ಅಂಕಣಗಳಾಗಿ ಜೋಡಿಸುವ ಗ್ರಿಡ್ ಮತ್ತು ಫ್ಲೆಕ್ಸ್‌ಬಾಕ್ಸ್ ಎಂಬ ಸಿಎಸ್‌ಎಸ್ ವಿಧಾನಗಳಲ್ಲಿ ಇದರ ಪರಿಣಾಮ ಇನ್ನೂ ಗೂಢವಾದದ್ದು. ಅಲ್ಲಿ ಪ್ರತಿಯೊಂದು ಅಂಕಣವೂ ತನ್ನೊಳಗಿನ ಅತಿ ಉದ್ದದ ಪದಕ್ಕಿಂತ ಕಿರಿದಾಗಲು ತಾನಾಗಿ ಒಪ್ಪುವುದಿಲ್ಲವಾದ್ದರಿಂದ, ಒಂದು ಉದ್ದನೆಯ ಪದ ಪಕ್ಕದ ಅಂಕಣವನ್ನು ಪರದೆಯ ಆಚೆಗೆ ತಳ್ಳಿಬಿಡುತ್ತದೆ. ಅಂಕಣಕ್ಕೆ ಕನಿಷ್ಠ ಅಗಲ ಸೊನ್ನೆ ಎಂದು ಬರೆಯುವುದು ಇದಕ್ಕೆ ಮೊದಲ ಮದ್ದು.

ಆದರೆ ಅಷ್ಟರಿಂದ ಪದ ಮುರಿಯುವುದಿಲ್ಲ. ಓವರ್‌ಫ್ಲೋ-ರ‍್ಯಾಪ್ ಎಂಬ ಗುಣವನ್ನು ಬಳಸಿದರೆ ಬ್ರೌಸರು ಜಾಗ ಮುಗಿದಲ್ಲಿ ಪದವನ್ನು ಬಲವಂತವಾಗಿ ತುಂಡರಿಸುತ್ತದೆ, ಹಾಗೆ ತುಂಡರಿಸುವಾಗ ಒತ್ತಕ್ಷರದ ನಡುವೆಯೇ ಕತ್ತರಿ ಬಿದ್ದು ಒಂದು ಸಾಲಿನ ತುದಿಯಲ್ಲಿ ಅರ್ಧಾಕ್ಷರ, ಮುಂದಿನ ಸಾಲಿನ ಆರಂಭದಲ್ಲಿ ಉಳಿದ ಅಕ್ಷರ ಬರುವ ಅಪಾಯವಿದೆ. ಓದುವವರಿಗೆ ಇದು ಅಚ್ಚಿನ ತಪ್ಪಿನಂತೆಯೇ ಕಾಣುತ್ತದೆ. ಪುಟದ ಭಾಷೆ ಕನ್ನಡ ಎಂದು ಎಚ್‌ಟಿಎಂಎಲ್‌ನಲ್ಲಿ ಸರಿಯಾಗಿ ನಮೂದಿಸಿ ಹೈಫನ್ಸ್ ಆಟೋ ಎಂದು ಕೊಟ್ಟರೆ, ಕನ್ನಡದ ಪದವಿಭಜನೆಯ ನಿಯಮಗಳಿರುವ ಬ್ರೌಸರುಗಳು ಅಕ್ಷರದ ಗಡಿಯನ್ನು ಗಮನಿಸಿ ಮುರಿಯುತ್ತವೆ. ಅಂತಹ ನಿಯಮಗಳಿಲ್ಲದ ಬ್ರೌಸರುಗಳಿಗಾಗಿ, ಮುಖ್ಯ ಶೀರ್ಷಿಕೆಗಳಲ್ಲಿ ಮಾತ್ರ, ಉದ್ದ ಪದದ ನಡುವೆ ಕಣ್ಣಿಗೆ ಕಾಣದ ಮೃದು ಹೈಫನ್ನನ್ನು ನಾನೇ ಕೈಯಾರೆ ಇಡುತ್ತೇನೆ. ಪತ್ರಿಕೆಯ ಕಿರಿದಾದ ಅಂಕಣಗಳಲ್ಲಿ ಪದ ಒಡೆದು ಅಡ್ಡಗೆರೆ ಹಾಕುವುದಕ್ಕೆ ಕನ್ನಡದ ಓದುಗರು ಎಂದಿನಿಂದಲೂ ಒಗ್ಗಿಕೊಂಡಿದ್ದಾರೆ. ಅರ್ಧಾಕ್ಷರಕ್ಕೆ ಅವರು ಒಗ್ಗಿಕೊಳ್ಳಬೇಕಾಗಿಲ್ಲ. ಇದರ ಜೊತೆಗೆ ಶೀರ್ಷಿಕೆಯ ಗಾತ್ರಕ್ಕೆ ಕನಿಷ್ಠ, ಗರಿಷ್ಠ ಮಿತಿಗಳನ್ನು ಹಾಕುವ ಕ್ಲ್ಯಾಂಪ್ ಬಳಸಿ, ಫೋನಿನಲ್ಲಿ 24 ಪಿಕ್ಸೆಲ್‌ನಿಂದ ಆರಂಭವಾಗಿ ದೊಡ್ಡ ಪರದೆಯಲ್ಲಿ 40ರವರೆಗೆ ನಿಧಾನವಾಗಿ ಏರುವಂತೆ ಮಾಡಿದರೆ ಸಮಸ್ಯೆಯ ಹೆಚ್ಚಿನ ಪಾಲು ಅಲ್ಲಿಯೇ ಕರಗುತ್ತದೆ.

ಕೋಷ್ಟಕಗಳ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಸಣ್ಣ ಪರದೆಗೆ ಹೊಂದಿಸುವ ಹೆಸರಿನಲ್ಲಿ ಹೆಚ್ಚು ಹಾಳಾಗುವುದು ಅವೇ. ಅಡಿಕೆ ಧಾರಣೆಯ ಕೋಷ್ಟಕವನ್ನು ತೆಗೆದುಕೊಳ್ಳೋಣ. ಶಿವಮೊಗ್ಗ, ಸಾಗರ, ಶಿರಸಿ, ಯಲ್ಲಾಪುರ ಎಂದು ಮಾರುಕಟ್ಟೆಗಳು. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಬಗೆಗಳು. ಕ್ವಿಂಟಲ್ಲಿಗೆ ಕನಿಷ್ಠ, ಗರಿಷ್ಠ, ಸರಾಸರಿ ದರಗಳು. ಐದಾರು ಅಂಕಣಗಳು 328 ಪಿಕ್ಸೆಲ್ಲಿನಲ್ಲಿ ಹಿಡಿಸುವುದಿಲ್ಲ ಎಂಬುದು ನಿಜ. ಆದ್ದರಿಂದ ಪ್ರತಿಯೊಂದು ಸಾಲನ್ನೂ ಒಂದೊಂದು ಕಾರ್ಡಾಗಿ ಒಡೆದು, ಒಂದರ ಕೆಳಗೊಂದರಂತೆ ಜೋಡಿಸುವುದು ಈಗ ಎಲ್ಲೆಡೆ ಕಾಣುವ ಪರಿಹಾರ. ನೋಡಲು ಅಚ್ಚುಕಟ್ಟಾಗಿಯೇ ಇರುತ್ತದೆ. ಆದರೆ ಬೆಳೆಗಾರರು ಆ ಪುಟವನ್ನು ತೆರೆಯುವುದು ರಾಶಿಯ ಗರಿಷ್ಠ ದರ ಯಾವ ಊರಿನಲ್ಲಿ ಹೆಚ್ಚಿದೆ ಎಂದು ಹೋಲಿಸಿ ನೋಡುವುದಕ್ಕೆ. ಕಾರ್ಡುಗಳಲ್ಲಿ ಒಂದು ಊರಿನ ದರ ಕಾಣುವಾಗ ಇನ್ನೊಂದು ಊರಿನ ದರ ಪರದೆಯಿಂದ ಮೇಲಕ್ಕೆ ಹೋಗಿಬಿಟ್ಟಿರುತ್ತದೆ. ಹೋಲಿಕೆಯನ್ನು ಕಿತ್ತುಕೊಂಡ ಮೇಲೆ ಕೋಷ್ಟಕದಲ್ಲಿ ಉಳಿಯುವುದೇನು?

ಇಂಥ ಕಡೆ ಕೋಷ್ಟಕವನ್ನು ಕೋಷ್ಟಕವಾಗಿಯೇ ಬಿಟ್ಟು, ಅದೊಂದೇ ಭಾಗ ಅಡ್ಡಡ್ಡ ಸರಿಯುವಂತೆ ಮಾಡಿ, ಮಾರುಕಟ್ಟೆಯ ಹೆಸರಿರುವ ಮೊದಲ ಅಂಕಣವನ್ನು ಎಡಕ್ಕೆ ಸ್ಟಿಕಿ ಮಾಡಿ ನಿಲ್ಲಿಸುವುದನ್ನೇ ನಾನು ಮೆಚ್ಚುತ್ತೇನೆ. ಆ ಅಂಕಣಕ್ಕೆ ಗಟ್ಟಿ ಹಿನ್ನೆಲೆ ಬಣ್ಣ ಕೊಡದಿದ್ದರೆ ಸರಿಯುವ ಅಂಕಿಗಳು ಅದರ ಹಿಂದಿನಿಂದ ಇಣುಕುತ್ತವೆ. ಅಂಕಿಗಳನ್ನು ಬಲಕ್ಕೆ ಜೋಡಿಸಬೇಕು, ಕೊನೆಯ ಅಂಕಣ ಅರ್ಧ ಕಾಣುವಂತಿದ್ದರೆ ಮುಂದೆ ಇನ್ನೂ ಇದೆ ಎಂಬುದು ಓದುಗರಿಗೆ ತಾನಾಗಿ ತಿಳಿಯುತ್ತದೆ. ಒಂದು ತೊಡಕಿದೆ: ಹೀಗೆ ಅಡ್ಡ ಸರಿಯುವ ಪೆಟ್ಟಿಗೆಯೊಳಗೆ ಕೋಷ್ಟಕವನ್ನಿಟ್ಟ ಮೇಲೆ, ತಲೆಸಾಲನ್ನು ಇಡೀ ಪುಟದ ಮೇಲಂಚಿಗೆ ಅಂಟಿಸಿ ನಿಲ್ಲಿಸಲು ಆಗುವುದಿಲ್ಲ, ಏಕೆಂದರೆ ಅದು ಪುಟಕ್ಕೆ ಬದಲಾಗಿ ಆ ಪೆಟ್ಟಿಗೆಗೇ ಬದ್ಧವಾಗುತ್ತದೆ. ಕೋಷ್ಟಕ ಬಹಳ ಉದ್ದವಾಗಿದ್ದರೆ ಬಗೆಗೊಂದರಂತೆ ಒಡೆಯುವುದು ವಾಸಿ. ಪರದೆಯ ಅಗಲ 320ಕ್ಕೆ ಇಳಿದಾಗಲೂ ಪುಟ ಎರಡು ದಿಕ್ಕಿನಲ್ಲಿ ಸರಿಯಬಾರದೆಂದು ವಿಧಿಸುವ ಡಬ್ಲ್ಯುಸಿಎಜಿ 2.1 ಎಂಬ, ಜಾಲಪುಟಗಳು ಎಲ್ಲರಿಗೂ ಎಟುಕುವಂತಿರಬೇಕೆಂಬ ಮಾರ್ಗಸೂಚಿ ಕೂಡ ದತ್ತಾಂಶದ ಕೋಷ್ಟಕಗಳಿಗೆ ವಿನಾಯಿತಿ ಕೊಟ್ಟಿದೆ, ಅದು ವಿವೇಕದ ಮಾತು.

ಲೇಖನಗಳ ಪಟ್ಟಿ, ಚಿತ್ರಗಳ ಸಾಲು ಮುಂತಾದವುಗಳಿಗೆ ಇಷ್ಟು ಚಿಂತೆ ಬೇಡ. ಪ್ರತಿ ಕಾರ್ಡಿಗೆ ಕನಿಷ್ಠ 18 ಇಎಂ ಅಗಲ ಬೇಕು, ಜಾಗವಿದ್ದಷ್ಟು ಅಂಕಣಗಳನ್ನು ನೀನೇ ಮಾಡಿಕೋ ಎಂದು ಗ್ರಿಡ್‌ಗೆ ಒಂದೇ ಸಾಲಿನಲ್ಲಿ ಹೇಳಿದರೆ ಒಂದು ಮೀಡಿಯಾ ಕ್ವೆರಿಯೂ ಇಲ್ಲದೆ ಕೆಲಸ ಮುಗಿಯುತ್ತದೆ. 2017ರ ಮಾರ್ಚಿನಲ್ಲಿ ಪ್ರಮುಖ ಬ್ರೌಸರುಗಳಿಗೆ ಸಿಎಸ್‌ಎಸ್ ಗ್ರಿಡ್ ಬಂದ ಮೇಲೆ ನನ್ನ ಸಿಎಸ್‌ಎಸ್ ಕಡತಗಳು ಗಣನೀಯವಾಗಿ ತೆಳುವಾದವು. 2023ರ ಆರಂಭದ ಹೊತ್ತಿಗೆ ಎಲ್ಲ ಪ್ರಮುಖ ಬ್ರೌಸರುಗಳಲ್ಲಿ ನೆಲೆಗೊಂಡ ಕಂಟೇನರ್ ಕ್ವೆರಿ ಇನ್ನೊಂದು ಹೆಜ್ಜೆ ಮುಂದಿನದು. ಪರದೆಯ ಅಗಲ ಎಷ್ಟೇ ಇರಲಿ, ಕಾರ್ಡು ತನಗೆ ಸಿಕ್ಕಿರುವ ಜಾಗವನ್ನು ಮಾತ್ರ ನೋಡಿ ಚಿತ್ರವನ್ನು ಪಕ್ಕದಲ್ಲಿಡಬೇಕೋ ಮೇಲಿಡಬೇಕೋ ಎಂದು ನಿರ್ಧರಿಸಬಲ್ಲದು. ಒಂದೇ ಕಾರ್ಡನ್ನು ಮುಖ್ಯ ಅಂಕಣದಲ್ಲಿಯೂ ಪಕ್ಕದ ಕಿರು ಅಂಕಣದಲ್ಲಿಯೂ ಬಳಸುವ ಪತ್ರಿಕೆಯಂತಹ ಪುಟಗಳಿಗೆ ಇದು ಬಹುಕಾಲ ಬೇಕಾಗಿದ್ದ ಸೌಲಭ್ಯ.

ಫಾಂಟು ಕಡತದ ತೂಕವನ್ನೂ ವಿನ್ಯಾಸದ ಭಾಗವೆಂದೇ ಎಣಿಸಬೇಕು. ಒತ್ತಕ್ಷರಗಳ ರೂಪಗಳೆಲ್ಲ ಸೇರುವುದರಿಂದ ಕನ್ನಡದ ಫಾಂಟು ಲ್ಯಾಟಿನ್ ಫಾಂಟಿಗಿಂತ ಭಾರವಾಗಿರುತ್ತದೆ. ನಾಲ್ಕು ದಪ್ಪಗಳನ್ನು ಬೇರೆ ಬೇರೆ ಕಡತಗಳಾಗಿ ಇಳಿಸಿಕೊಳ್ಳುವ ಬದಲು ಎರಡಕ್ಕೆ ನಿಲ್ಲಿಸುವುದು ಮೇಲು. ವೆಬ್ ಫಾಂಟು ಬರುವವರೆಗೆ ಫೋನಿನ ಸ್ವಂತ ಫಾಂಟಿನಲ್ಲಿ ತೋರಿಸಿ, ಆಮೇಲೆ ಬದಲಿಸುವಾಗ ಸಾಲುಗಳು ಹೊಸದಾಗಿ ಒಡೆದು ಪುಟ ಜಿಗಿಯುವುದರಿಂದ, ಎರಡೂ ಫಾಂಟುಗಳ ಅಗಲ ಹತ್ತಿರವಿರುವಂತೆ ಆರಿಸಿಕೊಳ್ಳಬೇಕು.

ಪರೀಕ್ಷೆ ಮಾಡುವಾಗ 'ಲೋರೆಮ್ ಇಪ್ಸಮ್' ಎಂಬ ಲ್ಯಾಟಿನ್ ಮಾದರಿ ಬರಹ ತುಂಬಿ ನೋಡುವ ಪದ್ಧತಿ ಕನ್ನಡದ ಮಟ್ಟಿಗೆ ನಿರುಪಯುಕ್ತ. ತಾಣದಲ್ಲಿರುವ ಅತಿ ಉದ್ದದ ಶೀರ್ಷಿಕೆ, ಒತ್ತಕ್ಷರಗಳು ದಟ್ಟವಾಗಿರುವ ಒಂದು ಪ್ಯಾರಾ, ಅತಿ ಉದ್ದದ ಮೆನು ಪದ ಇವನ್ನು ಇಟ್ಟು, ಬ್ರೌಸರಿನ ಕಿಟಕಿಯನ್ನು 320ರಿಂದ ನಿಧಾನವಾಗಿ ಅಗಲಿಸುತ್ತ ಹೋದರೆ, ಮೆನು ಒಂದೇ ಸಾಲಿನಲ್ಲಿ ಕೂರುವುದು ಎಲ್ಲಿ, ಪಕ್ಕದ ಅಂಕಣಕ್ಕೆ ಜಾಗ ಸಿಗುವುದು ಎಲ್ಲಿ ಎಂಬುದು ತಾನಾಗಿ ಗೋಚರಿಸುತ್ತದೆ. ಆ ಅಗಲಗಳೇ ನನ್ನ ಬ್ರೇಕ್‌ಪಾಯಿಂಟುಗಳು, ಅಂದರೆ ವಿನ್ಯಾಸ ಬದಲಾಗುವ ಜಾಗಗಳು. ಅವನ್ನು ಪಿಕ್ಸೆಲ್‌ನಲ್ಲಿ ಬರೆಯದೆ ಇಎಂನಲ್ಲಿ ಬರೆಯುತ್ತೇನೆ. ಬ್ರೌಸರಿನ ಮೂಲ ಅಕ್ಷರಗಾತ್ರ 16 ಇದ್ದಾಗ 40 ಇಎಂ ಎಂದರೆ 640 ಪಿಕ್ಸೆಲ್. ಕಣ್ಣು ಮಂದವಾದ ಹಿರಿಯರೊಬ್ಬರು ಅದನ್ನು 20ಕ್ಕೆ ಏರಿಸಿಕೊಂಡಿದ್ದರೆ ಅದೇ 40 ಇಎಂ 800 ಆಗಿ, 700 ಪಿಕ್ಸೆಲ್ ಅಗಲದ ಅವರ ಟ್ಯಾಬ್ಲೆಟ್ಟಿನಲ್ಲಿ ಪುಟವು ಎರಡು ಅಂಕಣಗಳಿಗೆ ಹೋಗದೆ, ದೊಡ್ಡ ಅಕ್ಷರಗಳ ಒಂದೇ ಅಂಕಣವಾಗಿ ನಿಲ್ಲುತ್ತದೆ. ಹಿಗ್ಗಿಸಿ ನೋಡುವುದನ್ನು ತಡೆಯುವ ಯೂಸರ್-ಸ್ಕೇಲೆಬಲ್ ನೋ ಎಂಬ ಸೂಚನೆ ವ್ಯೂಪೋರ್ಟ್ ಸಾಲಿನಲ್ಲಿದ್ದರೆ ಅದನ್ನು ಕೂಡಲೇ ಅಳಿಸಬೇಕು. ಐಫೋನಿನ ಸಫಾರಿ 2016ರಿಂದಲೇ ಅದನ್ನು ಲೆಕ್ಕಿಸುತ್ತಿಲ್ಲವಾದರೂ, ಹಳೆಯ ಥೀಮುಗಳಿಂದ ನಕಲಾಗಿ ಬಂದ ಆ ಸೂಚನೆ ಕನ್ನಡದ ಎಷ್ಟೋ ತಾಣಗಳಲ್ಲಿ ಇನ್ನೂ ಕುಳಿತಿದೆ.