ಹೊಳೆ ಗುಡ್ಡ ಹತ್ತುತ್ತಾ, ಟೀಚರ್?

ಪುನರ್ವಸು ಮಳೆ ಹೊಯ್ಯುತ್ತಿದ್ದ ಮಧ್ಯಾಹ್ನ. ಹೆಂಚಿನ ಮೇಲಿನ ಸದ್ದಿಗೆ ನನ್ನ ದನಿ ನನಗೇ ಕೇಳುತ್ತಿರಲಿಲ್ಲ. ಐದನೇ ಕ್ಲಾಸಿನ ಮಕ್ಕಳಿಗೆ ಗೋಡೆಯ ನಕ್ಷೆಯಲ್ಲಿ ತುಂಗೆಯನ್ನು ತೋರಿಸುತ್ತಿದ್ದೆ. ಶೃಂಗೇರಿಯಲ್ಲಿ ಕೋಲು ಇಟ್ಟು ತೀರ್ಥಹಳ್ಳಿ, ಶಿವಮೊಗ್ಗ, ಕೂಡ್ಲಿ, ಹರಿಹರ, ಹೊಸಪೇಟೆ ಅಂತ ಮೇಲಕ್ಕೆ ಎಳೆಯುತ್ತಾ ಹೋದೆ. ಕಿಟಕಿ ಪಕ್ಕ ಕೂತಿದ್ದ ಹುಡುಗಿ ಎದ್ದು ನಿಂತು ಕೇಳಿದಳು: "ಹೊಳೆ ಗುಡ್ಡ ಹತ್ತುತ್ತಾ, ಟೀಚರ್?"

ಬೇರೆ ಮಕ್ಕಳು ನಗಲಿಲ್ಲ. ಅವರಿಗೂ ಅದೇ ಅನುಮಾನ ಇದ್ದಿರಬೇಕು. ಆ ಕ್ಷಣಕ್ಕೆ "ಇಲ್ಲ, ಮೇಲೆ ಅಂದ್ರೆ ಉತ್ತರ" ಅಂತ ಹೇಳಿ ಮುಂದೆ ಹೋದೆ. ಮನೆಗೆ ಬಂದ ಮೇಲೂ ಆ ಮಾತು ನನ್ನನ್ನು ಬಿಡಲಿಲ್ಲ.

ನಕ್ಷೆಯಲ್ಲಿ ಮೇಲೆ ಉತ್ತರ, ಕೆಳಗೆ ದಕ್ಷಿಣ ಅಂತ ವರ್ಷಾನುಗಟ್ಟಲೆ ಹೇಳಿಕೊಂಡು ಬಂದವಳು ನಾನು. ಆದರೆ ಇಲ್ಲಿ, ತೀರ್ಥಹಳ್ಳಿ ಕಡೆಯ ಮಕ್ಕಳಿಗೆ 'ಮೇಲೆ' ಅಂದರೆ ಗುಡ್ಡ, ಕಾನು. 'ಕೆಳಗೆ' ಅಂದರೆ ಗದ್ದೆ, ತೋಟ, ಹೊಳೆ. ಇನ್ನೂ ಒಂದಿದೆ. ಉಡುಪಿ, ಕುಂದಾಪುರದ ಕಡೆಗೆ ಇಲ್ಲಿಯವರು 'ಘಟ್ಟದ ಕೆಳಗೆ' ಅಂತಾರೆ. ಅಂದರೆ ಈ ಮಕ್ಕಳ 'ಕೆಳಗೆ' ದಕ್ಷಿಣದಲ್ಲಿಲ್ಲ, ಪಶ್ಚಿಮದಲ್ಲಿದೆ. ಅವರ ಮಾತಿನಲ್ಲಿ ಆಗಲೇ ಒಂದು ನಕ್ಷೆ ಇದೆ, ಅದು ಸರಿಯಾಗಿಯೇ ಇದೆ. ಅದರ ಮೇಲೆ ನಾನು ಗೋಡೆಯ ನಕ್ಷೆಯನ್ನು ಹೇರುತ್ತಿದ್ದೆ.

ಮರುದಿನ ಮೊಳೆಯಿಂದ ನಕ್ಷೆ ಇಳಿಸಿ ಶಾಲೆಯ ಜಗಲಿಯಲ್ಲಿ ಹಾಸಿದೆ. ಉತ್ತರ ಉತ್ತರಕ್ಕೇ ಬರುವಂತೆ ತಿರುಗಿಸಿ, ನಾಲ್ಕು ಮೂಲೆಗೆ ಕಲ್ಲು ಇಟ್ಟೆವು. ನಮ್ಮ ಬಾಗಿಲು ಪೂರ್ವಕ್ಕಿರುವುದರಿಂದ ದಿಕ್ಕು ಹಿಡಿಯುವುದು ಕಷ್ಟವಾಗಲಿಲ್ಲ. ಚೀಟಿಗಳಲ್ಲಿ ಎತ್ತರ ಬರೆದು ಊರುಗಳ ಮೇಲೆ ಇಟ್ಟೆ: ತೀರ್ಥಹಳ್ಳಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್, ಶಿವಮೊಗ್ಗ 570ರ ಆಸುಪಾಸು, ಹೊಸಪೇಟೆಯ ತುಂಗಭದ್ರಾ ಅಣೆಕಟ್ಟೆಯ ತುಂಬಿದ ನೀರಿನ ಮಟ್ಟ 1633 ಅಡಿ, ಅಂದರೆ 500 ಮೀಟರಿಗೆ ತುಸು ಕಡಿಮೆ. ಅದೇ ಹುಡುಗಿ ಮೊಣಕಾಲೂರಿ ಚೀಟಿಯಿಂದ ಚೀಟಿಗೆ ಬೆರಳು ಎಳೆದಳು. "ಇಳೀತಾ ಹೋಗ್ತದೆ" ಅಂದಳು. ನಕ್ಷೆ ನೆಲದಲ್ಲಿದ್ದಾಗ ಅದರಲ್ಲಿ ಮೇಲೂ ಇಲ್ಲ, ಕೆಳಗೂ ಇಲ್ಲ. ಬರೀ ದಿಕ್ಕು ಇದೆ. ಕೈ ಚಾಚಿ "ಶಿವಮೊಗ್ಗ ಆ ಕಡೆ" ಅಂದರೆ, ನಿಜವಾಗಿಯೂ ಶಿವಮೊಗ್ಗ ಆ ಕಡೆಯೇ ಇದೆ. ಪ್ರಾಥಮಿಕ ಶಾಲೆಯಲ್ಲಿ ನಕ್ಷೆಯ ಮೊದಲ ಪಾಠ ನೆಲದ ಮೇಲೇ ಆಗಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಗೋಡೆಗೆ ಆಮೇಲೆ ಏರಿಸಬಹುದು.

ಆ ವಾರ ಮಾಡನ್ನೂ ಪಾಠಕ್ಕೆ ತಂದೆ. ನಮ್ಮದು ಎರಡು ಇಳಿಜಾರಿನ ಹೆಂಚಿನ ಮಾಡು. ಅಂಗಳದ ಕಡೆ ಒಂದು, ಹಿತ್ತಿಲ ಕಡೆ ಒಂದು ಬಕೆಟ್ ಇಟ್ಟೆವು. ಒಂದೇ ಮೋಡದ ಮಳೆ, ಮಾಡಿನ ನೆತ್ತಿಯಲ್ಲಿ ಒಂದು ಗೇಣು ಆಚೀಚೆ ಬಿದ್ದರೆ ಸಾಕು, ಬೇರೆ ಬೇರೆ ಬಕೆಟ್‌ಗೆ ಹೋಗುತ್ತದೆ. ನಮ್ಮ ತೀರ್ಥಹಳ್ಳಿ ತಾಲ್ಲೂಕೂ ಹೀಗೇ. ಇಲ್ಲಿಯ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಜೋಗದಲ್ಲಿ 253 ಮೀಟರ್ ಧುಮುಕಿ, ಒಟ್ಟು 128 ಕಿಲೋಮೀಟರ್ ಹರಿದು ಹೊನ್ನಾವರದಲ್ಲಿ ಅರಬ್ಬಿ ಸಮುದ್ರ ಸೇರುತ್ತಾಳೆ. ಇದೇ ತಾಲ್ಲೂಕಿನ ಮಧ್ಯೆ ಹರಿಯುವ ತುಂಗೆ ಕೂಡ್ಲಿಯಲ್ಲಿ ಭದ್ರೆಯನ್ನು ಕೂಡಿಕೊಂಡು, ಮುಂದೆ ಕೃಷ್ಣೆಗೆ ಸೇರಿ, ಆಂಧ್ರ ದಾಟಿ ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. 'ಶರಾವತಿಯ ಉಗಮ ಸ್ಥಾನ ಯಾವುದು?' ಅಂದರೆ ಎಲ್ಲರೂ ಅಂಬುತೀರ್ಥ ಅಂತ ಸರಿಯಾಗಿ ಬರೆಯುತ್ತಿದ್ದರು. ಅದು ನಮ್ಮದೇ ತಾಲ್ಲೂಕಿನಲ್ಲಿದೆ ಅಂತ ಅರ್ಧಕ್ಕರ್ಧ ಮಕ್ಕಳಿಗೆ ಗೊತ್ತಿರಲಿಲ್ಲ.

ಒಬ್ಬ ಹುಡುಗ ಮಾತ್ರ ಒಪ್ಪಲಿಲ್ಲ. "ಎರಡು ಕಡೆ ನೀರೂ ಬಾವಿ ಹಿಂದಿನ ಹಳ್ಳಕ್ಕೇ ಹೋಗ್ತದೆ ಟೀಚರ್, ಬೇರೆ ಎಲ್ಲಿಗೂ ಹೋಗಲ್ಲ." ಹೌದಲ್ಲ! ಮಳೆ ಹೊಳವಾದ ದಿನ ಎಲ್ಲರೂ ಆ ಹಳ್ಳದ ಜೊತೆಗೇ ನಡೆದೆವು. ಅಡಿಕೆ ತೋಟದ ಅಂಚಿಗೆ ಹೋಗಿ ಕಾಲುಸಂಕದವರೆಗೆ. ಅದರಾಚೆ ನೀರು ಜಾಸ್ತಿ, ಮಕ್ಕಳನ್ನು ದಾಟಿಸಲಿಲ್ಲ. ಆದರೆ ಹಳ್ಳ ಎತ್ತ ತಿರುಗಿ ತುಂಗೆಯ ಕಡೆ ಹೋಗುತ್ತದೆ ಅಂತ ಅಲ್ಲಿಂದಲೇ ಕಂಡಿತು. ಕಾಲಿಗೆ ಹತ್ತಿದ ಉಂಬಳ ಕಿತ್ತುಕೊಳ್ಳುತ್ತಾ ವಾಪಸು ಬಂದು, ನೋಡಿದ ದಾರಿಯನ್ನು ಮಕ್ಕಳು ಸ್ಲೇಟಿನಲ್ಲಿ ಬರೆದರು. ಅವರು ಬರೆದ ಮೊದಲ ನಕ್ಷೆ ಅದು. ಸಂಕ ಶಾಲೆಗಿಂತ ದೊಡ್ಡದಾಗಿತ್ತು, ನಾನು ತಿದ್ದಲಿಲ್ಲ. ಅಳತೆಗೆ ಆರನೇ ಕ್ಲಾಸು ಇದೆ.

ಈ ಹೊಳೆಯ ಬಗ್ಗೆ ನನಗೆ ಇಷ್ಟು ಆಸೆ ಯಾಕೆ ಅಂದರೆ, ನಾನು ಹುಟ್ಟಿ ಬೆಳೆದದ್ದು ಹೊಸಪೇಟೆ ಪಕ್ಕದ ಕಮಲಾಪುರದಲ್ಲಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ. ನಮ್ಮೂರ ಕಡೆ ಅದರ ಹತ್ತನೇ ಒಂದು ಪಾಲೂ ಇಲ್ಲ. ನಮ್ಮ ಗದ್ದೆ ನಿಂತಿರುವುದು ಇಲ್ಲಿಯ ಮಳೆಯ ಮೇಲೆ. ಮುಂಗಾರು ಶುರುವಾದರೆ ಅಪ್ಪ ದಿನವೂ ಫೋನ್ ಮಾಡುತ್ತಾರೆ. "ಏನವ್ವಾ, ಅಲ್ಲಿ ಮಳಿ ಹೆಂಗೈತಿ?" ನನ್ನ ಆರೋಗ್ಯದ ವಿಚಾರ ಅದಾದ ಮೇಲೆ.

ಇದನ್ನು ಹೇಳಿದಾಗ ಮಕ್ಕಳು ನನ್ನನ್ನೇ ಹೊಸಬಳ ಹಾಗೆ ನೋಡಿದರು. ಮಳೆ ಅಂದರೆ ಅವರಿಗೆ ರಜೆ, ಸೋರುವ ಮಾಡು, ಒಣಗದ ಯೂನಿಫಾರ್ಮ್, ಅಡಿಕೆಗೆ ಬರುವ ಕೊಳೆರೋಗ. ಅದನ್ನೇ ಕಾದು ಕೂತವರು ಇದ್ದಾರೆ ಅನ್ನುವುದು ಹೊಸ ಸುದ್ದಿ. ಜುಲೈನಲ್ಲಿ ಹೊಳೆ ಕೆಂಪಾಗುತ್ತದಲ್ಲ, ಆ ಮಣ್ಣು ಎಲ್ಲಿಗೆ ಹೋಗುತ್ತದೆ ಅಂತಲೂ ಹೇಳಿದೆ. 1953ರಲ್ಲಿ ನೀರು ನಿಲ್ಲಿಸಲು ಶುರು ಮಾಡಿದಾಗ ಹೊಸಪೇಟೆಯ ಆ ತುಂಗಭದ್ರಾ ಅಣೆಕಟ್ಟೆ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು, ಈಗ 105ರ ಆಸುಪಾಸು. ಉಳಿದ ಜಾಗದಲ್ಲಿ ಹೂಳು ಕೂತಿದೆ. "ನಮ್ ಗುಡ್ಡದ ಮಣ್ಣಾ?" ಅಂತ ಒಬ್ಬ ಕೇಳಿದ. ಅದೂ ಇದೆ ಅಂದೆ.

ಮೊನ್ನೆ ಊಟದ ಬಿಡುವಿನಲ್ಲಿ ಅಪ್ಪನ ಫೋನ್ ಬಂತು. ಗುಡ್ಡದ ಪ್ರಶ್ನೆ ಕೇಳಿದ ಹುಡುಗಿಯ ಕೈಗೇ ಕೊಟ್ಟೆ. ಅವಳು ಜಗಲಿಯ ತುದಿಗೆ ಹೋಗಿ, ಉತ್ತರಕ್ಕೆ ಮುಖ ಮಾಡಿ ನಿಂತು, ಮಳೆಯ ಸದ್ದಿಗೆ ಗಟ್ಟಿಯಾಗಿ ಕೂಗಿದಳು: "ಅಜ್ಜಾ, ಹಳ್ಳ ತುಂಬಿದೆ! ಸಂಕದ ಮೇಲೆ ನೀರು ಬಂದಿದೆ! ಬರ್ತದೆ ನಿಮ್ಮಲ್ಲಿಗೆ!"