ಟಿಪ್ಪುವಿನ ಸೆರೆಯಿಂದ ಬಿಟ್ಟು ಬಂದವನು ಕಟ್ಟಿಸಿದ ಸಿನಗಾಗ್

ಮಗಳ ಮದುವೆಗೆ ಗೋಡಂಬಿ, ದ್ರಾಕ್ಷಿ ಹೋಲ್‌ಸೇಲ್‌ನಲ್ಲಿ ತರೋಣ ಅಂತ ಮುಂಬೈನ ಮಸ್ಜಿದ್ ಬಂದರ್‌ಗೆ ಹೋಗಿದ್ದೆ. ಕೆಲಸ ಬೇಗ ಮುಗಿಯಿತು. ಸ್ಯಾಮ್ಯುಯೆಲ್ ಸ್ಟ್ರೀಟಿನ ಹಳೇ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, ನೋಡೇಬಿಡೋಣ ಅನ್ನಿಸಿತು. ಅಲ್ಲಿ ಸಿನಗಾಗ್ ಅಂದರೆ ಎಲ್ಲರಿಗೂ ತಿಳಿಯಲ್ಲ, ‘ಜೂನಿ ಮಸ್ಜಿದ್’ (ಹಳೇ ಮಸೀದಿ) ಅಂತ ಕೇಳಬೇಕು. ಕೈಗಾಡಿ, ಹಮಾಲರ ನಡುವೆ ನುಸುಳಿಕೊಂಡು ಹೋದೆ. ಬಾಗಿಲಲ್ಲಿ ಆಧಾರ್ ನೋಡಿದರು, ಗೋಡಂಬಿ ಚೀಲವನ್ನೂ ಬಿಚ್ಚಿಸಿದರು!

ಒಳಗೆ ನೋಡಿಕೊಳ್ಳುವ ಹಿರಿಯರು ತಲೆಗೆ ಟೋಪಿ ಕೊಟ್ಟರು. ಊರು ಕೇಳಿದರು. ಮಂಡ್ಯದ ಕಡೆ ಅಂದೆ. "ಅರೇ, ನಮ್ಮ ದಿವೇಕರ್ ಜೈಲಲ್ಲಿದ್ದದ್ದು ನಿಮ್ಮ ಕಡೆಯೇ ಅಲ್ವಾ!" ಅಂದರು.

ಸ್ಯಾಮ್ಯುಯೆಲ್ ಎಜೆಕಿಯೆಲ್ ದಿವೇಕರ್. ಮನೆಮಂದಿಯ ಬಾಯಲ್ಲಿ ಸಮಾಜಿ ಹಸಾಜಿ. ಈಸ್ಟ್ ಇಂಡಿಯಾ ಕಂಪನಿಯ ಸೇನೆಯಲ್ಲಿದ್ದವನು, ಎರಡನೇ ಮೈಸೂರು ಯುದ್ಧದಲ್ಲಿ ಟಿಪ್ಪುವಿಗೆ ಸೆರೆಸಿಕ್ಕ. ಟಿಪ್ಪುವಿನ ತಾಯಿ, ‘ಇವರು ಕುರಾನ್‌ನಲ್ಲಿ ಬರುವ ಬನಿ ಇಸ್ರಾಯೀಲ್ (ಇಸ್ರೇಲನ ಮಕ್ಕಳು), ಕೊಲ್ಲಬೇಡ’ ಅಂದಳು ಅನ್ನೋದು ಇವರ ಕಥೆ. ಜೀವ ಉಳಿದರೆ ದೇವರಿಗೊಂದು ಮನೆ ಕಟ್ಟಿಸ್ತೀನಿ ಅಂತ ಆತ ಹರಕೆ ಹೊತ್ತನಂತೆ. ಕಥೆ ಎಷ್ಟು ನಿಜವೋ, ಹರಕೆಯಂತೂ ತೀರಿತು. 1796ರಲ್ಲಿ ಮುಂಬೈನ ಮೊದಲ ಸಿನಗಾಗ್ ಎದ್ದಿತು. ಈಗಿನ ಜಾಗಕ್ಕೆ ಬಂದದ್ದು 1860ರಲ್ಲಿ. ಶ್ರೀರಂಗಪಟ್ಟಣದ ಸೆರೆಮನೆಗಳನ್ನು ಶಾಲೆಯ ಟೂರಿನಿಂದಲೂ ನೋಡಿದ್ದೇನೆ. ಈ ಹೆಸರನ್ನು ಮಾತ್ರ ಯಾರೂ ಹೇಳಿರಲಿಲ್ಲ.

ನಡುವೆ ಕಟಕಟೆಯ ಮರದ ಜಗಲಿ, ಯಹೂದಿಗಳ ಧರ್ಮಗ್ರಂಥ ತೋರಾ ಓದುವುದು ಅಲ್ಲಿ. ಮೇಲೆ ಹೆಂಗಸರಿಗೆ ಬಾಲ್ಕನಿ. ತೋರಾದ ಸುರುಳಿಗಳು ಪರದೆ ಹಾಕಿದ ಕಪಾಟಿನಲ್ಲಿ.

ಆ ಸುರುಳಿಗಳದ್ದೇ ದೊಡ್ಡ ಕಥೆ. ದಿವೇಕರ್‌ನ ಜನ, ಬೆನೆ ಇಸ್ರೇಲ್ ಅನ್ನೋ ಯಹೂದಿಗಳು, ಕೊಂಕಣದ ಹಳ್ಳಿಗಳಲ್ಲಿ ಗಾಣ ನಡೆಸುತ್ತಿದ್ದವರು. ಯಹೂದಿಗಳಿಗೆ ವಿಶ್ರಾಂತಿಯ ದಿನವಾದ ಶನಿವಾರ ಗಾಣ ಕಟ್ಟುತ್ತಿರಲಿಲ್ಲ, ಅದಕ್ಕೇ ಊರವರಿಗೆ ಅವರು ‘ಶನಿವಾರ್ ತೇಲಿ’, ಶನಿವಾರದ ಗಾಣಿಗರು. ಸುನ್ನತಿ ಬಿಟ್ಟಿರಲಿಲ್ಲ, ‘ಶೆಮಾ ಇಸ್ರೇಲ್’ ಅನ್ನೋ ಪ್ರಾರ್ಥನೆ ಬಾಯಲ್ಲಿ ಉಳಿದಿತ್ತು. ಧರ್ಮಗ್ರಂಥದ ಭಾಷೆ ಹೀಬ್ರೂ ಮರೆತು ಮರಾಠಿಯವರೇ ಆಗಿಬಿಟ್ಟಿದ್ದರು. ಅಂಥವರು ಸಿನಗಾಗ್ ಅಂತ ಮೊದಲು ಕಟ್ಟಿದರು, ಗ್ರಂಥ ಹುಡುಕಲು ಆಮೇಲೆ ಹೊರಟರು. ನನಗೆ ಹಿಡಿಸಿದ್ದು ಈ ಧೈರ್ಯ. ತೋರಾ ತರಲೆಂದು ದಿವೇಕರ್ ಯಹೂದಿಗಳಿದ್ದ ಕೊಚ್ಚಿಗೆ ಹೋದ. 1797ರಲ್ಲಿ ಅಲ್ಲೇ ತೀರಿಕೊಂಡ. ಮುಂದೆ ಕೊಚ್ಚಿಯಿಂದಲೇ ಗುರುಗಳು ಬಂದು ಇವರಿಗೆ ಪ್ರಾರ್ಥನೆ ಕಲಿಸಿದರು.

ಈಗ ಜನ ಎಲ್ಲಿದ್ದಾರೆ ಅಂತ ಕೇಳಿದೆ. 1948ರ ನಂತರ ಜಾಸ್ತಿ ಜನ ಇಸ್ರೇಲಿಗೆ ಹೋದರು, ಉಳಿದವರಲ್ಲಿ ಬಹಳ ಮಂದಿ ಥಾಣೆ ಕಡೆ. ಪೂರ್ತಿ ಪ್ರಾರ್ಥನೆಗೆ ಹತ್ತು ಗಂಡಸರು ಸೇರಲೇಬೇಕು. ಹಬ್ಬದಲ್ಲಿ ಚಿಂತೆಯಿಲ್ಲ, ಉಳಿದ ದಿನ ಫೋನ್ ಮಾಡಿ ಕರೆಸಬೇಕು ಅಂದರು ಹಿರಿಯರು. ಅವರೂ ಥಾಣೆಯವರೇ. 5:40ರ ಲೋಕಲ್ ತಪ್ಪಿದರೆ ಕೂರಲು ಜಾಗ ಸಿಗಲ್ಲ ಅಂತ ಬೀಗದ ಗೊಂಚಲು ಹುಡುಕತೊಡಗಿದರು.